ಎರಡು ಗಂಟೆಯ ಶ್ರೀರಂಗಪಟ್ಟಣ

"ಅಷ್ಟು ಓದ್ಬುಟ್ಟು ಗೈಡ್ ಕೆಲ್ಸಕ್ಕೋಯ್ತಿಯೇನ್ಲಾ ಮಗ?"

ಹೊಳಲಿನ ಅರಳಿಕಟ್ಟೆಯಲ್ಲಾಗಲಿ, ಮದ್ದೂರಿನ ಹೋಟೆಲಿನಲ್ಲಾಗಲಿ, ಮಳವಳ್ಳಿಯ ಬಸ್ ನಿಲ್ದಾಣದಲ್ಲಾಗಲಿ, ಇತಿಹಾಸದಲ್ಲಿ ಬಿ.ಎ. ಮುಗಿಸಿದ ಹುಡುಗನೊಬ್ಬ ಶ್ರೀರಂಗಪಟ್ಟಣದಲ್ಲಿ ಗೈಡ್ ಆಗುತ್ತೇನೆ ಎಂದರೆ ಅವನಿಗೆ ಮೊದಲು ಎದುರಾಗುವ ಮಾತು ಇದು. ಕೇಳುವವರು ಕೆಟ್ಟವರಲ್ಲ. ಕಬ್ಬಿನ ಬಾಕಿಗೆ ಕಾದು ಕಾದು ಬೇಸತ್ತ ತಂದೆಗೆ ಮಗ ಬೆಂಗಳೂರಿನಲ್ಲಿ ತಿಂಗಳ ಸಂಬಳ ಹಿಡಿಯಲಿ ಎಂಬ ಆಸೆ ಇರುವುದು ಸಹಜ. ಆದರೆ ಆ ಪ್ರಶ್ನೆಯೊಳಗೆ ಒಂದು ತೀರ್ಪು ಅಡಗಿದೆ. ಗೈಡ್ ಅಂದರೆ ಬಸ್ಸು ನಿಂತ ಕೂಡಲೇ ಮುತ್ತಿಕೊಳ್ಳುವವನು, ಬಾಯಿಪಾಠ ಒಪ್ಪಿಸುವವನು, ಇಲ್ಲದ ಕತೆ ಕಟ್ಟಿ ಕಾಸು ಕೀಳುವವನು. ಅವನ ಹಂಗೇಕೆ, ಎಲ್ಲವೂ ಮೊಬೈಲಿನಲ್ಲಿದೆ. ಶ್ರೀರಂಗಪಟ್ಟಣ ನೋಡಲು ಎರಡು ಗಂಟೆ ಸಾಕು. ಈ ತೀರ್ಪನ್ನು ಅರಳಿಕಟ್ಟೆಯವರಷ್ಟೇ ಕೊಟ್ಟಿಲ್ಲ. ಪ್ರವಾಸ ಏರ್ಪಡಿಸುವವರು, ಶಾಲೆಯ ಮೇಷ್ಟ್ರುಗಳು, ಇಲಾಖೆಯವರು, ಪಟ್ಟಣದ ಓದಿದ ಪ್ರವಾಸಿಗಳು, ಎಲ್ಲರೂ ಇದನ್ನೇ ನಂಬಿ ನಡೆಯುತ್ತಿದ್ದಾರೆ. ಈ ನಂಬಿಕೆ ಬುಡದಿಂದಲೇ ತಪ್ಪು. ಹೊಳೆ ಸುತ್ತಿದ ದ್ವೀಪದ ನಮ್ಮ ಮಂಡ್ಯ ಜಿಲ್ಲೆ ಇದರಿಂದ ತನ್ನ ಮಕ್ಕಳನ್ನೂ ಕಳೆದುಕೊಳ್ಳುತ್ತಿದೆ, ತನ್ನ ಚರಿತ್ರೆಯನ್ನೂ ಕಳೆದುಕೊಳ್ಳುತ್ತಿದೆ.

ಎರಡು ಗಂಟೆಯ ಲೆಕ್ಕ ಎಲ್ಲಿಂದ ಬಂತು ನೋಡಿ. ಮೈಸೂರಿನಿಂದ ಹೊರಡುವ ಒಂದು ದಿನದ ಪ್ರವಾಸದಲ್ಲಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಯಬೇಕು, ದೀಪ ಹತ್ತುವ ಹೊತ್ತಿಗೆ ಬೃಂದಾವನ ಸೇರಬೇಕು. ನಡುವೆ ಮಿಕ್ಕ ಚೂರು ಹೊತ್ತು ಶ್ರೀರಂಗಪಟ್ಟಣಕ್ಕೆ. ರಂಗನಾಥನ ದರ್ಶನ, ಟಿಪ್ಪು ಬಿದ್ದ ಜಾಗದ ಮುಂದೆ ಒಂದು ಫೋಟೊ, ದರಿಯಾ ದೌಲತ್, ಗುಂಬಜ್, ಹೊತ್ತು ಉಳಿದರೆ ಸಂಗಮ. ವಾಹನದ ಬಾಡಿಗೆಯೇ ಈ ಪಟ್ಟಿಯನ್ನು ಮಾಡಿತು, ದ್ವೀಪವನ್ನು ಬಲ್ಲ ಯಾರೂ ಮಾಡಲಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಮೊದಲೆಲ್ಲ ವಡೆಗೆ, ಎಳನೀರಿಗೆ ಅಂತ ಇಳಿದವರು ಹಾಗೇ ಕೋಟೆಯನ್ನೂ ನೋಡಿ ಹೋಗುತ್ತಿದ್ದರು. ಆ ಕಾಲ ಮುಗಿಯಿತು. ಇನ್ನು ಇಲ್ಲಿಗೆ ಬರುವವರು ಬರಲೇಬೇಕೆಂದು ಮನಸ್ಸು ಮಾಡಿ, ಹೆದ್ದಾರಿ ಬಿಟ್ಟು ಇಳಿದು ಬರಬೇಕು. ಅಂಥ ಮನಸ್ಸು ಹುಟ್ಟಿಸುವ ಶಕ್ತಿ ನಾಮಫಲಕಕ್ಕಿಲ್ಲ. ಊರನ್ನು ಬಲ್ಲ ಒಬ್ಬ ಮನುಷ್ಯನ ಮಾತಿಗಿದೆ.

ಬಲ್ಲವನು ಅಂದರೆ ಯಾರು? ಪುಸ್ತಕ ಓದಿದವನು ಎಂದಷ್ಟೇ ಹೇಳಿದರೆ ಸಾಲದು. ಶ್ರೀರಂಗಪಟ್ಟಣದ ಚರಿತ್ರೆಯನ್ನು ಅರ್ಧಕ್ಕರ್ಧ ನಡೆಸಿದ್ದು ಕಾವೇರಿ. ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ನಡುವಿನ ಈ ನೆಲಕ್ಕೆ ನೀರೇ ಕಂದಕ. ಕೊಡಗಿನಲ್ಲಿ ಮುಂಗಾರು ಹಿಡಿದರೆ ಇಲ್ಲಿ ಹೊಳೆ ತುಂಬುತ್ತದೆ. ಮುತ್ತಿಗೆ ಹಾಕಿದ ದಂಡು ಅಷ್ಟರೊಳಗೆ ಒಳನುಗ್ಗಬೇಕು, ಇಲ್ಲವಾದರೆ ಬಂದ ದಾರಿ ಹಿಡಿಯಬೇಕು. 1791ರ ಮೇ ತಿಂಗಳಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಕಾದಾಡಿ ಗೆದ್ದೂ ಹಿಂದಿರುಗಿದ. ಮಳೆ ಹಿಡಿದಿತ್ತು, ಗಾಡಿಯ ಎತ್ತುಗಳು ಸಾಯುತ್ತಿದ್ದವು, ಸೈನಿಕರಿಗೆ ಅನ್ನವಿರಲಿಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹೋದ. ಆ ಪಾಠ ಕಲಿತವರು 1799ರಲ್ಲಿ ಏಪ್ರಿಲಿನಲ್ಲೇ ಬಂದು ಕೂತರು. ಕೋಟೆಯ ವಾಯವ್ಯ ಮೂಲೆಯ ಗೋಡೆ ಒಡೆದು, ಮೇ 4ರ ಸುಡು ಮಧ್ಯಾಹ್ನ, ನೀರಿಳಿದು ಬಂಡೆ ಎದ್ದಿದ್ದ ಹೊಳೆಯನ್ನು ಕಾಲ್ನಡಿಗೆಯಲ್ಲೇ ದಾಟಿದರು. ಬೇಸಿಗೆಯ ಹೊಳೆಗೂ ಆಷಾಢದ ಹೊಳೆಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಂಡು ಬೆಳೆದ ಹುಡುಗಿಯೊಬ್ಬಳು ಆ ಮೂಲೆಯಲ್ಲಿ ನಿಂತು ಇದನ್ನು ಹೇಳಿದರೆ ಕೇಳುವವರಿಗೆ ಒಂದು ಸಾಮ್ರಾಜ್ಯದ ಸೋಲಿನಲ್ಲಿ ಹದಿನೈದಿಪ್ಪತ್ತು ದಿನಗಳಿಗಿದ್ದ ತೂಕ ತಿಳಿಯುತ್ತದೆ. ಅವಳು ಇನ್ನೊಂದನ್ನೂ ಹೇಳಬೇಕು. ನಾವು ಇವತ್ತು ನೋಡುವ ನೀರು ಅಂದಿನ ನೀರಲ್ಲ, ಮೇಲೆ ಕನ್ನಂಬಾಡಿ ಕಟ್ಟೆ ಬಿಟ್ಟಷ್ಟು ಮಾತ್ರ ಕೆಳಗೆ ಹರಿಯುತ್ತದೆ. ಅದನ್ನು ಹೇಳದೆ ಹೊಳೆ ತೋರಿಸಿದರೆ ಪ್ರವಾಸಿ ತಪ್ಪು ಚಿತ್ರ ಹೊತ್ತು ಹೋಗುತ್ತಾನೆ.

ಹಾಗೆಯೇ ಬಂಗಾರದೊಡ್ಡಿ ನಾಲೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ತೆಗೆದ ನಾಲೆ, ಹೊಳೆಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ದ್ವೀಪದೊಳಕ್ಕೆ ಬರುತ್ತದೆ. ಹೊಳೆಯ ಮೇಲೆ ಹೊಳೆಯ ನೀರನ್ನೇ ಹಾಯಿಸಿದ ಆ ಕೆಲಸವನ್ನು ಯಾವ ಎಂಜಿನಿಯರಿಂಗ್ ಕಾಲೇಜಿನ ಹುಡುಗನಾದರೂ ನಿಂತು ನೋಡುತ್ತಾನೆ. ದ್ವೀಪದ ಭತ್ತ, ಕಬ್ಬು ಆ ನೀರಿನಲ್ಲಿ ಬೆಳೆದವು. ಅದೇ ಕಟ್ಟೆಯಿಂದ ಹುಟ್ಟಿದ ನಡುಗಡ್ಡೆಗಳೇ ರಂಗನತಿಟ್ಟು. ಎರಡು ಗಂಟೆಯ ಪಟ್ಟಿಯಲ್ಲಿ ಈ ನಾಲೆ ಇಲ್ಲ. ಅದನ್ನು ತೋರಿಸಬಲ್ಲವನು ನೀರುಗಂಟಿಯ ಮಗ. ಅವನನ್ನು ನಾವು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಕಳಿಸಿದ್ದೇವೆ.

ಇನ್ನು ಪಟ್ಟಿಯಲ್ಲಿರುವ ಜಾಗಗಳನ್ನೇ ತೆಗೆದುಕೊಳ್ಳಿ. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಕರ್ನಲ್ ಬೇಯ್ಲಿ ಸೋಲುತ್ತಿದ್ದಾನೆ. ಅದೇ ಬೇಯ್ಲಿ ಸೆರೆಯಾಗಿ ಇಲ್ಲಿಗೆ ಬಂದು 1782ರಲ್ಲಿ ಸತ್ತ. ಕೋಟೆಯೊಳಗಿನ ಬಂದೀಖಾನೆಗೆ ಅವನ ಹೆಸರು ಅಂಟಿಕೊಂಡಿತು. ಅವನ ನೆನಪಿನ ಕಟ್ಟಡ ಗುಂಬಜ್‌ನ ಹತ್ತಿರವೇ ಇದೆ. ಅದೇ ಕಾಳಗದಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ವರ್ಷಗಟ್ಟಲೆ ಬಂಧನದಲ್ಲಿದ್ದ ಡೇವಿಡ್ ಬೇರ್ಡ್ 1799ರ ಮೇ 4ರಂದು ಒಡೆದ ಗೋಡೆ ಹತ್ತಿದವರ ಮುಂದಾಳಾಗಿದ್ದ. ಗೋಡೆಯ ಚಿತ್ರ, ಬಂದೀಖಾನೆ, ಗುಂಬಜ್‌ನ ಹತ್ತಿರದ ನೆನಪಿನ ಕಟ್ಟಡ, ವಾಯವ್ಯದ ಬಿರುಕು, ಈ ನಾಲ್ಕೂ ಒಂದೇ ಕತೆಯ ತುಂಡುಗಳು. ಟ್ಯಾಕ್ಸಿಯಿಂದ ಇಳಿದು ಹತ್ತುವವರಿಗೆ ಅವು ಸಂಬಂಧವಿಲ್ಲದ ನಾಲ್ಕು ಕಟ್ಟಡಗಳಾಗಿ ಉಳಿಯುತ್ತವೆ. ಅವನ್ನು ಹೊಲಿದು ಕೊಡುವುದು ಗೈಡ್‌ನ ಕೆಲಸ. ಅದು ವಿದ್ಯೆಯ ಕೆಲಸ. ಕಾಲೇಜಿನಲ್ಲಿ ಪಾಠ ಹೇಳುವವರ ಕೆಲಸಕ್ಕಿಂತ ಅದು ಯಾವ ರೀತಿಯಲ್ಲಿ ಕಡಿಮೆ ಎಂದು ಯಾರಾದರೂ ಹೇಳಲಿ.

ಬೆಂಗಳೂರಿನಿಂದ ಬರುವವರಿಗೆ ತಮ್ಮದೇ ಊರಿನ ಒಂದು ಬೇರು ಇಲ್ಲಿದೆಯೆಂದು ಯಾರು ಹೇಳುತ್ತಾರೆ? ಟಿಪ್ಪು ಸತ್ತ ಮೇಲೆ ಬ್ರಿಟಿಷರು ತಮ್ಮ ಪಡೆಯನ್ನು ಈ ದ್ವೀಪದಲ್ಲೇ ಇಟ್ಟರು. ಮಲೇರಿಯಾ ಜ್ವರಕ್ಕೆ ಸಿಪಾಯಿಗಳೂ ಅವರ ಹೆಂಡತಿ ಮಕ್ಕಳೂ ಸಾಲುಸಾಲಾಗಿ ಸತ್ತರು. ಹೊಳೆದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಅವರ ಗೋರಿಗಳಿವೆ, ಸ್ವಿಟ್ಜರ್ಲೆಂಡಿನಿಂದ ಕೂಲಿಗೆ ಬಂದ ಡಿ ಮ್ಯುರಾನ್ ಪಡೆಯವರದ್ದೂ ಸೇರಿ. ಕೊನೆಗೆ ಪಡೆಯನ್ನು ಇಲ್ಲಿಂದ ಎತ್ತಿ ಬೆಂಗಳೂರಿಗೆ ಒಯ್ದರು. ಬೆಂಗಳೂರು ದಂಡು ಹುಟ್ಟಿದ್ದು ಹಾಗೆ. ಟಿಪ್ಪು ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರು ಎಂಬ ಅಂದಾಜನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಬಂದಾಗ ಉಳಿದಿದ್ದವರು 32 ಸಾವಿರದಷ್ಟು. ಅರಮನೆಯಿದ್ದ ಕಡೆ ಇವತ್ತು ಬರೀ ಬಯಲು. ಅದರ ಮರದ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿನಲ್ಲಿವೆ. ಬಯಲಿನ ಮುಂದೆ ನಿಂತವರಿಗೆ ಯಾವ ಫಲಕವೂ ಇಷ್ಟನ್ನು ಹೇಳಲಾರದು.

"ಮೊಬೈಲಿನಲ್ಲಿ ಎಲ್ಲ ಇದೆ" ಎನ್ನುವವರಿಗೆ ಹೆಚ್ಚು ಉತ್ತರ ಬೇಕಿಲ್ಲ. ಮೊಬೈಲಿನಲ್ಲಿ ಇಸವಿ ಇದೆ. ಯಾವ ಗೋಡೆಯ ಕಡೆ ತಿರುಗಿ ನಿಲ್ಲಬೇಕು, ಮೊದಲು ಏನು ನೋಡಿದರೆ ಆಮೇಲಿನದು ತಿಳಿಯುತ್ತದೆ ಎನ್ನುವುದು ಅದರಲ್ಲಿಲ್ಲ. ಎಂಟು ವರ್ಷದ ಮಗು ಕೇಳುವ ಎರಡನೇ ಪ್ರಶ್ನೆಗೆ ಅದು ಬಾಯಿ ಬಿಡುವುದಿಲ್ಲ.

ಗೈಡ್‌ಗಳು ಸುಳ್ಳು ಹೇಳುತ್ತಾರೆ ಎಂಬ ಆರೋಪಕ್ಕೆ ಮಾತ್ರ ನಿಂತು ಉತ್ತರ ಕೊಡಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಬೇಯ್ಲಿ ಬಂದೀಖಾನೆಯ ಗೋಡೆಯ ಕಲ್ಲುಗಳ ತೂತು ತೋರಿಸಿ, ಕೈದಿಗಳನ್ನು ಕಟ್ಟಿ ಕತ್ತಿನ ತನಕ ನೀರು ಬಿಡುತ್ತಿದ್ದರು ಎಂದು ಬಣ್ಣ ಹಚ್ಚಿ ಹೇಳುವುದು ರೂಢಿಯಾಗಿದೆ. ಅಲ್ಲಿ ಬಿದ್ದಿರುವ ಫಿರಂಗಿಯ ಬಗ್ಗೆಯೂ ಬಗೆಬಗೆಯ ಕತೆಗಳಿವೆ. ಆದರೆ ಸುಳ್ಳು ಎಲ್ಲಿ ಹುಟ್ಟುತ್ತದೆ ಎಂದು ಯೋಚಿಸಿದ್ದೀರಾ? ಹತ್ತು ನಿಮಿಷ ಕೊಟ್ಟು, ಐವತ್ತು ರೂಪಾಯಿ ಚೌಕಾಸಿ ಮಾಡಿ, ಬೆರಗುಗೊಳಿಸಿದರೆ ಮಾತ್ರ ಕಾಸು ಎನ್ನುವವರ ಮುಂದೆ ನಿಂತವನಿಗೆ ನಾವೇ ಸುಳ್ಳಿನ ಪಾಠ ಮಾಡುತ್ತಿದ್ದೇವೆ. ಅವನಿಗೆ ತರಬೇತಿ ಇಲ್ಲ, ಓದಲು ಒಳ್ಳೆಯ ಕನ್ನಡ ಪುಸ್ತಕ ಕೊಟ್ಟವರಿಲ್ಲ, ತಪ್ಪು ಹೇಳಿದರೆ ತಿದ್ದುವವರಿಲ್ಲ, ಸರಿ ಹೇಳಿದರೆ ಹೆಚ್ಚು ಕೊಡುವವರಿಲ್ಲ. ಅಂಗಡಿಗೆ ಗಿರಾಕಿಗಳನ್ನು ಕರೆತಂದರೆ ಸಿಗುವ ಕಮಿಷನ್ ಕತೆ ಹೇಳಿದ್ದಕ್ಕೆ ಸಿಗುವುದಕ್ಕಿಂತ ದೊಡ್ಡದಾಗಿರುವ ತನಕ ಯಾವ ಊರಿನ ಗೈಡ್ ಆದರೂ ಅಂಗಡಿಯ ದಾರಿಯನ್ನೇ ಹಿಡಿಯುತ್ತಾನೆ. ಕೆಟ್ಟ ವೈದ್ಯರಿದ್ದಾರೆ ಎಂದು ಯಾರೂ ವೈದ್ಯಕೀಯ ಕಾಲೇಜು ಮುಚ್ಚುವುದಿಲ್ಲ.

ಒಳ್ಳೆಯ ಗೈಡ್ ಮೂರು ಬಗೆಯ ಮಾತನ್ನು ಬೇರೆ ಬೇರೆ ಮಾಡಿ ಹೇಳುತ್ತಾನೆ. ಇದು ದಾಖಲೆಯಲ್ಲಿದೆ, ಇದನ್ನು ಜನ ಹೇಳುತ್ತಾರೆ, ಇದು ಯಾರಿಗೂ ತಿಳಿಯದು. ಶ್ರೀರಂಗಪಟ್ಟಣದಂಥ ಊರಿನಲ್ಲಿ ಈ ಶಿಸ್ತು ಎಷ್ಟು ಅಗತ್ಯವೆಂದು 2023ರ ಮಾರ್ಚ್ ತಿಂಗಳು ತೋರಿಸಿತು. ಹೆದ್ದಾರಿ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದ ದಿನ ಉರಿಗೌಡ, ನಂಜೇಗೌಡ ಎಂಬ ಹೆಸರಿನ ಸ್ವಾಗತ ಕಮಾನು ಎದ್ದಿತು. ಟಿಪ್ಪುವನ್ನು ಕೊಂದವರು ಇವರಿಬ್ಬರು ಎಂಬ ಕತೆ ಜಿಲ್ಲೆಯೆಲ್ಲ ಹಬ್ಬಿ, ಸಿನಿಮಾ ಮಾಡುವ ತನಕ ಹೋಯಿತು. 1799ರ ಯುದ್ಧವನ್ನು ಕಂಡವರು ಬರೆದಿಟ್ಟ ದಾಖಲೆಗಳಲ್ಲಿ ಇಲ್ಲದ ಹೆಸರುಗಳಿವು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರವಿಲ್ಲದ್ದನ್ನು ಮುಂದುವರಿಸಬಾರದೆಂದು ಹೇಳಿದ ಮೇಲೆ ಆ ಸಿನಿಮಾ ನಿಂತಿತು. ಒಂದು ಮಠ ಮಧ್ಯೆ ಬರಬೇಕಾಯಿತು, ಏಕೆಂದರೆ ಆ ನೆಲದ ಮೇಲೆ ದಿನವೂ ನಿಂತು, ಮೇ 4ರಂದು ಏನಾಯಿತು ಎಂದು ದಾಖಲೆ ಹಿಡಿದು ಕನ್ನಡದಲ್ಲಿ ಹೇಳುವ ಐವತ್ತು ಮಂದಿ ನಮ್ಮಲ್ಲಿರಲಿಲ್ಲ. ಇದ್ದಿದ್ದರೆ ಆ ಕತೆ ಅರಳಿಕಟ್ಟೆಯನ್ನೇ ದಾಟುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

"ಊರಿನವನು ಪಕ್ಷಪಾತಿ, ಹೊರಗಿನವನೇ ವಾಸಿ" ಎನ್ನುವವರೂ ಇದ್ದಾರೆ. ನನ್ನ ಅನುಭವ ಇದಕ್ಕೆ ತಿರುಗುಮುರುಗು. ಟಿಪ್ಪುವನ್ನು ದೇವರು ಮಾಡುವವರೂ ರಾಕ್ಷಸ ಮಾಡುವವರೂ ಹೆಚ್ಚಾಗಿ ದೂರದಿಂದ ಬಂದು, ಭಾಷಣ ಮಾಡಿ, ಸಂಜೆಗೆ ಹೊರಟು ಹೋಗುವವರು. ದ್ವೀಪದ ಮೇಲೆ ಬಾಳುವವನಿಗೆ ರಂಗನಾಥನ ಗುಡಿಯ ಗಂಟೆಯೂ ಕೇಳುತ್ತದೆ, ಮಸೀದಿಯ ಬಾಂಗೂ ಕೇಳುತ್ತದೆ, ಮಾರನೇ ದಿನ ಸಂತೆಯಲ್ಲಿ ಇಬ್ಬರ ಮುಖವನ್ನೂ ನೋಡಬೇಕು. ಟಿಪ್ಪು ರಂಗನಾಥನಿಗೆ ಬೆಳ್ಳಿಯ ಪಾತ್ರೆಗಳನ್ನು ಕೊಟ್ಟದ್ದನ್ನೂ ಅವನು ಹೇಳಬೇಕು, ಮೇಲುಕೋಟೆಯ ಎಷ್ಟೋ ಮಂಡ್ಯಂ ಅಯ್ಯಂಗಾರ್ ಮನೆಗಳು ಇಂದಿಗೂ ನರಕ ಚತುರ್ದಶಿ ಆಚರಿಸದಿರುವುದಕ್ಕೆ ಅವರು ಹೇಳಿಕೊಂಡು ಬಂದ ಕಾರಣವನ್ನೂ ಹೇಳಬೇಕು. ಎರಡನ್ನೂ ಒಂದೇ ದನಿಯಲ್ಲಿ ಹೇಳುವ ಜವಾಬ್ದಾರಿ ಅಲ್ಲೇ ಬಾಳಬೇಕಾದವನಿಗೆ ಇರುವಷ್ಟು ಬೇರೆ ಯಾರಿಗೂ ಇರುವುದಿಲ್ಲ.

ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪವನ್ನು ನೆನೆಯಿರಿ. ಮಂಡೇಲಾ 18 ವರ್ಷ ಸೆರೆಯಲ್ಲಿದ್ದ ಆ ಜೈಲು 1997ರಲ್ಲಿ ಸಂಗ್ರಹಾಲಯವಾದ ಮೇಲೆ, ಅಲ್ಲೇ ಬಂದಿಯಾಗಿದ್ದ ರಾಜಕೀಯ ಕೈದಿಗಳು ಬಂದವರಿಗೆ ಅದನ್ನು ತೋರಿಸುವವರಾದರು. ಅನುಭವಿಸಿದವರಿಗೆ ಸಿಟ್ಟಿರುತ್ತದೆ, ಅವರು ಬೇಡ ಎಂದು ಅಲ್ಲಿ ಯಾರೂ ಅವರನ್ನು ದೂರ ಇಡಲಿಲ್ಲ. ಲಂಡನ್ನಿನಲ್ಲಿ ನೀಲಿ ಬಿಲ್ಲೆಯ ಗೈಡ್ ಆಗಬೇಕಾದರೆ ಹೆಚ್ಚುಕಡಿಮೆ ಎರಡು ವರ್ಷ ಓದಿ ಪರೀಕ್ಷೆ ಪಾಸಾಗಬೇಕು. ಅಲ್ಲಿ ಅದು ಮರ್ಯಾದೆಯ ವೃತ್ತಿ.

ಅಷ್ಟು ದೂರ ಹೋಗುವುದೇ ಬೇಡ, ರಂಗನತಿಟ್ಟಿಗೆ ಬನ್ನಿ. ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಆ ಪುಟ್ಟ ಜಾಗದಲ್ಲಿ ದೋಣಿ ನಡೆಸುವವರು ಯಾರು? ಸುತ್ತಲ ಹಳ್ಳಿಗಳವರು. ಹುಟ್ಟು ಹಾಕುತ್ತಲೇ ಬಾಯಿಕಳಕವನ್ನೂ ಚಮಚದ ಕೊಕ್ಕನ್ನೂ ಬೇರೆ ಮಾಡಿ ತೋರಿಸುತ್ತಾರೆ, ಬಂಡೆಯ ಮೇಲೆ ಮಲಗಿದ ಮೊಸಳೆಗೆ ಎಷ್ಟು ಹತ್ತಿರ ಹೋಗಬಹುದು ಎಂದು ತಿಳಿದಿರುತ್ತಾರೆ, ಗೂಡು ಕಟ್ಟುವ ತಿಂಗಳಲ್ಲಿ ಯಾವ ಮರದ ಬಳಿ ದನಿ ತಗ್ಗಿಸಬೇಕೆಂದು ಬಲ್ಲರು. ದೊಡ್ಡ ಕ್ಯಾಮೆರಾ ಹೊತ್ತು ಬರುವವರು ಅವರ ಮಾತು ಕೇಳಿ ಕೂರುತ್ತಾರೆ. ಹಕ್ಕಿಯ ವಿಷಯದಲ್ಲಿ ಹಳ್ಳಿಯವನ ಅರಿವನ್ನು ಒಪ್ಪಿಕೊಂಡ ನಾವು, ಕೂಗಳತೆಯ ದೂರದಲ್ಲಿರುವ ಕೋಟೆಯ ವಿಷಯದಲ್ಲಿ ಅವನ ಅಣ್ಣತಮ್ಮಂದಿರನ್ನು ದಲ್ಲಾಳಿಗಳೆಂದು ಕರೆಯುತ್ತೇವೆ. ಇಲ್ಲಿ ಸಿಕ್ಕ ವ್ಯವಸ್ಥೆ, ನಿಗದಿಯಾದ ದರ, ಕೆಲಸದ ಭದ್ರತೆ ಅಲ್ಲಿ ಸಿಕ್ಕಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಮಳವಳ್ಳಿ ಕಡೆಯ ಶಿವನಸಮುದ್ರದ ಸ್ಥಿತಿ ಇನ್ನೂ ಕಷ್ಟದ್ದು. ಆದಿರಂಗ ಶ್ರೀರಂಗಪಟ್ಟಣದಲ್ಲಿದ್ದರೆ ಮಧ್ಯರಂಗ ಅಲ್ಲಿದ್ದಾನೆ, ಅದೂ ಕಾವೇರಿಯ ದ್ವೀಪ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು 147 ಕಿ.ಮೀ. ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟಿತು. ಹಳೆಯ ಕಲ್ಲಿನ ಸೇತುವೆಗಳನ್ನು ರಾಮಸ್ವಾಮಿ ಮೊದಲಿಯಾರ್ ಮತ್ತೆ ಕಟ್ಟಿಸಿದರು. ಬರುವವರು ಗಗನಚುಕ್ಕಿ ಜಲಪಾತದ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಹೋಗುವಾಗ ಎಲ್ಲರೂ ಹೋಗುವುದಿಲ್ಲ ಎನ್ನುವುದೇ ಎದೆ ಒಡೆಯುವ ಸಂಗತಿ. ಮುತ್ತತ್ತಿ, ಬಲಮುರಿ, ಸಂಗಮ, ಈ ಹೆಸರುಗಳ ಜತೆ ನೀರುಪಾಲಾದ ಕಾಲೇಜು ಹುಡುಗರ ಸುದ್ದಿಯನ್ನು ಮಂಡ್ಯದ ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ. ಎಲ್ಲಿ ಸುಳಿ ಇದೆ, ಯಾವ ಬಂಡೆಯ ಮೇಲೆ ಪಾಚಿ ಕಟ್ಟಿದೆ, ಕಟ್ಟೆಯಿಂದ ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಇಲ್ಲಿ ಏರುತ್ತದೆ, ಇದನ್ನು ತೆಪ್ಪ ಹಾಕುವವರ ಮನೆಯ ಮಕ್ಕಳು ಹೇಳಬಲ್ಲರು. ಎಚ್ಚರಿಕೆಯ ಫಲಕವನ್ನು ಓದಿಯೂ ನೀರಿಗಿಳಿಯುವವನು, ಪಕ್ಕದಲ್ಲಿ ನಿಂತ ಮನುಷ್ಯ "ಅಲ್ಲಿ ಇಳೀಬ್ಯಾಡ ಕನಣ್ಣ" ಎಂದರೆ ನಿಲ್ಲುತ್ತಾನೆ.

ಗೈಡ್ ಇರುವುದು ವಿದೇಶಿಯರಿಗಾಗಿ ಎಂಬ ತಿಳಿವಳಿಕೆಯೇ ನನ್ನನ್ನು ಹೆಚ್ಚು ನೋಯಿಸುವಂಥದ್ದು. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ದರಿಯಾ ದೌಲತ್ ಮುಂದೆ ನಿಂತು ನೋಡಿ. ರಾಯಚೂರು, ಹಾವೇರಿ, ಚಿತ್ರದುರ್ಗದ ಸರ್ಕಾರಿ ಶಾಲೆಗಳ ಬಸ್ಸುಗಳು ಸಾಲುಗಟ್ಟಿರುತ್ತವೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ, ಎಷ್ಟೋ ಮಂದಿ ಜೀವಮಾನದಲ್ಲಿ ಮೊದಲ ಸಲ ತಮ್ಮ ಜಿಲ್ಲೆ ದಾಟಿದ ಮಕ್ಕಳು ಕೈಕೈ ಹಿಡಿದು ಸಾಲಿನಲ್ಲಿ ನಡೆಯುತ್ತಾರೆ. ಮೇಷ್ಟ್ರು ತಲೆ ಎಣಿಸುವುದರಲ್ಲೇ ಹೈರಾಣಾಗಿರುತ್ತಾರೆ. "ಬೇಗ ನಡೀರಿ, ಬೇಗ ನಡೀರಿ" ಎನ್ನುವುದನ್ನು ಬಿಟ್ಟರೆ ಆ ಮಕ್ಕಳ ಕಿವಿಗೆ ಬೀಳುವ ಪಾಠ ಇನ್ನೊಂದಿಲ್ಲ. 1610ರಲ್ಲಿ ರಾಜ ಒಡೆಯರು ದಸರಾ ಶುರುಮಾಡಿದ ಊರಿದು, ಕಬ್ಬಿಣದ ಕೊಳವೆಯ ರಾಕೆಟ್ಟು ಹಾರಿದ ಊರಿದು, 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟ ಊರಿದು ಎಂದು ಆ ಮಕ್ಕಳಿಗೆ ಕನ್ನಡದಲ್ಲಿ ಹೇಳುವವರು ಬೇಕು. ಇಂಗ್ಲಿಷ್ ಬಲ್ಲವರಿಗೆ ಪುಸ್ತಕಗಳಿವೆ. ಸಿಂಧನೂರಿನ ಹುಡುಗಿಗೆ ಈ ದ್ವೀಪದ ಗಂಜಾಂನ ಹುಡುಗಿಯೇ ಪುಸ್ತಕ.

ಪ್ರಮಾಣಪತ್ರದಿಂದಷ್ಟೇ ಇದು ಆಗುವುದಿಲ್ಲ. ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಓದಿ, ಪರೀಕ್ಷೆ ಬರೆದು ಬಿಲ್ಲೆ ಪಡೆಯುವ ದಾರಿಯನ್ನು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ತೆರೆದಿದೆ, ಅದರಿಂದ ಅನುಕೂಲವೂ ಇದೆ. ಆದರೆ ಬಂಗಾರದೊಡ್ಡಿ ನಾಲೆಯ ಏರಿಯ ಮೇಲೆ ಒಮ್ಮೆಯೂ ನಡೆಯದವನಿಗೆ ಶ್ರೀರಂಗಪಟ್ಟಣ ತೋರಿಸುವ ಅರ್ಹತೆ ಎಲ್ಲಿಂದ ಬರಬೇಕು? ಮಂಡ್ಯ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ, ಜಿಲ್ಲೆಯ ಪದವಿ ಕಾಲೇಜುಗಳು ಒಂದು ವರ್ಷದ ಪಾಠ ಕಟ್ಟಲಿ. ಶಾಸನ ಓದುವುದನ್ನು ಮೇಷ್ಟ್ರುಗಳು ಕಲಿಸಲಿ, ನಾಲೆಯನ್ನು ನೀರುಗಂಟಿಗಳು, ಹೊಳೆಯನ್ನು ತೆಪ್ಪದವರು, ಗುಡಿಯ ಪದ್ಧತಿಯನ್ನು ಅರ್ಚಕರು, ಗುಂಬಜ್‌ನದ್ದನ್ನು ಅಲ್ಲಿ ಸೇವೆ ಮಾಡುವವರು ಕಲಿಸಲಿ. ದ್ವೀಪದವರಿಗೆ ಮೊದಲ ಅವಕಾಶ, ಆಮೇಲೆ ಸುತ್ತಲ ತಾಲ್ಲೂಕಿನವರಿಗೆ. ಹೆಣ್ಣುಮಕ್ಕಳಿಗೆ ಅರ್ಧ ಜಾಗ ಮೀಸಲಿರಲಿ, ಸಂಜೆಗೆ ಮನೆ ಸೇರಬಹುದಾದ ಇಂಥ ಕೆಲಸ ಅವರಿಗೆ ಈ ಸೀಮೆಯಲ್ಲಿ ಬೇರೆಷ್ಟಿದೆ? ದರ ಎಷ್ಟೆಂದು ಕೋಟೆ ಬಾಗಿಲಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ, ಚೌಕಾಸಿ ಅಲ್ಲಿಗೆ ಮುಗಿಯುತ್ತದೆ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಲೆಕ್ಕ ಸುಲಭ. ಐವತ್ತು ಮಕ್ಕಳ ಒಂದು ಬಸ್ಸು, ಇಡೀ ದಿನ ಜತೆಗಿರುವ ಗೈಡ್‌ಗೆ 1,500 ರೂಪಾಯಿ ಎಂದಿಟ್ಟುಕೊಂಡರೂ ಮಗುವೊಂದಕ್ಕೆ 30 ರೂಪಾಯಿ ಬೀಳುತ್ತದೆ. ಶಾಲಾ ಪ್ರವಾಸಕ್ಕೆ ಅನುಮತಿ ಕೊಡುವ ಶಿಕ್ಷಣ ಇಲಾಖೆ, ಬಸ್ಸಿನ ಬಾಡಿಗೆ, ಊಟದ ಖರ್ಚಿನ ಪಕ್ಕದಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಿ ಆದೇಶ ಹೊರಡಿಸಲಿ. ಮೈಸೂರಿಗೆ ಒಂದು ದಿನ ಇಟ್ಟಂತೆ ಶ್ರೀರಂಗಪಟ್ಟಣಕ್ಕೂ ಒಂದು ಪೂರ್ತಿ ದಿನ ಇರಲಿ, ಬರುವ ನವೆಂಬರಿನಿಂದಲೇ.